ಮೂರಾಣೆಯ ಪ್ರಶ್ನೆ

ಪಾರ್ಲಿಮೆಂಟಿನಲ್ಲಿ ವಿರೋಧಪಕ್ಷದವರು ಕೇಳುವ ಪ್ರಶ್ನೆಗಳಲ್ಲಿ ಎರಡು ಬಗೆ ಉಂಟು. ಉತ್ತರವನ್ನೇ ಬಯಸದ ಪ್ರಶ್ನೆ ಒಂದು ಬಗೆಯದು. ಮಂತ್ರಿಗಳ ಮುಖ ಕೆಂಪಗಾಗಿ, ಕೇಳಿದವರ ಹೆಸರು ಮಾರನೆಯ ದಿನದ ಪತ್ರಿಕೆಯಲ್ಲಿ ಅಚ್ಚಾದರೆ ಅದರ ಜನ್ಮ ಸಾರ್ಥಕ. ಇನ್ನೊಂದು ಬಗೆಯ ಪ್ರಶ್ನೆಗೆ ಸರಕಾರ ತನ್ನ ಕಪಾಟಿನ ಬೀಗ ತೆರೆಯದೆ ಉತ್ತರ ಹೇಳಲು ಬರುವುದಿಲ್ಲ. ಮೊದಲನೆಯದು ದಿನವೂ ನಡೆಯುತ್ತದೆ. ಎರಡನೆಯದು ಹತ್ತು ವರ್ಷಕ್ಕೆ ಒಂದು ಬಂದರೆ ಹೆಚ್ಚು. ನಾನು ಇಲ್ಲಿ ಹೇಳಹೊರಟಿರುವುದು ಈ ಎರಡನೆಯ ಬಗೆಯ ಒಂದು ಪ್ರಶ್ನೆಯ ಕಥೆ. 1963ರ ಆಗಸ್ಟ್ ತಿಂಗಳಲ್ಲಿ ಡಾಕ್ಟರ್ ರಾಮಮನೋಹರ ಲೋಹಿಯಾ ಅದನ್ನು ಲೋಕಸಭೆಯಲ್ಲಿ ಎತ್ತಿದರು. ‘ಮೂರಾಣೆ–ಹದಿನೈದಾಣೆ’ ಎಂಬ ಹೆಸರಿನಿಂದ ಅದು ಹಿರಿಯರ ನೆನಪಿನಲ್ಲಿ ಈಗಲೂ ಉಳಿದಿದೆ. ಆದರೆ ಹೆಸರು ಉಳಿದ ಹಾಗೆ ಅದರ ಹಿಂದಿನ ಲೆಕ್ಕ ಉಳಿಯಲಿಲ್ಲ. ಜೀವಮಾನವೆಲ್ಲ ಲೆಕ್ಕಪತ್ರಗಳ ನಡುವೆ ಕಳೆದವನು ನಾನು. ನನಗೆ ಆ ಲೆಕ್ಕದ ಮೇಲೆಯೇ ಕಣ್ಣು.

ಆಗಿನ ಲೋಕಸಭೆ ಹೇಗಿತ್ತೆಂಬುದನ್ನು ಮೊದಲು ನೆನಪಿಗೆ ತಂದುಕೊಳ್ಳಬೇಕು. 1962ರ ಮಹಾಚುನಾವಣೆಯಲ್ಲಿ 494 ಸ್ಥಾನಗಳ ಪೈಕಿ 361ನ್ನು ಕಾಂಗ್ರೆಸ್ ಗೆದ್ದಿತ್ತು. ವಿರೋಧದಲ್ಲಿ ಎಲ್ಲರಿಗಿಂತ ದೊಡ್ಡವರಾದ ಕಮ್ಯೂನಿಸ್ಟರು 29 ಮಂದಿ. ಸ್ವತಂತ್ರ ಪಕ್ಷ, ಜನಸಂಘ, ಸಮಾಜವಾದಿಗಳು ಇವರಿಗಿಂತಲೂ ಕಡಮೆ. ಸರಕಾರದ ಮೇಲೆ ಅವಿಶ್ವಾಸ ಗೊತ್ತುವಳಿ ತರಬೇಕಾದರೆ 50 ಮಂದಿ ಎದ್ದು ನಿಲ್ಲಬೇಕು. ಅಷ್ಟು ಜನ ಯಾವ ಒಂದು ಪಕ್ಷಕ್ಕೂ ಇರಲಿಲ್ಲ. ‘ವಿರೋಧಪಕ್ಷದ ನಾಯಕ’ ಎಂಬ ಅಧಿಕೃತ ಮಾನ್ಯತೆ ಲೋಕಸಭೆಯಲ್ಲಿ ಮೊಟ್ಟಮೊದಲು ದೊರೆತದ್ದು 1969ರಲ್ಲಿ. ಆ ಕಾಲದ ಬಹು ದೊಡ್ಡ ಹಗರಣವಾದ ಮುಂಧ್ರಾ ಪ್ರಕರಣವನ್ನು ಸಭೆಯಲ್ಲಿ ಎತ್ತಿ ಹಣಕಾಸಿನ ಮಂತ್ರಿಯ ರಾಜೀನಾಮೆಯವರೆಗೆ ಎಳೆದು ತಂದವರು ಕಾಂಗ್ರೆಸ್ಸಿನ ಸಾಲಿನಲ್ಲೇ ಕುಳಿತಿದ್ದ ಫಿರೋಜ್ ಗಾಂಧಿ. ಎದುರುಸಾಲು ಅಷ್ಟು ಬಡವಾಗಿತ್ತು. ಮನೆಯವರೇ ಮನೆಯ ಲೆಕ್ಕ ಕೇಳಬೇಕಾದ ಪರಿಸ್ಥಿತಿ.

1962ರ ಅಕ್ಟೋಬರ್–ನವೆಂಬರಿನ ಚೀನಾ ಯುದ್ಧ ಗಾಳಿಯ ದಿಕ್ಕನ್ನು ಬದಲಾಯಿಸಿತು. ಸೋಲಿನ ನೋವು ಇನ್ನೂ ಹಸಿಯಾಗಿದ್ದಾಗಲೇ, 1963ರ ಬೇಸಿಗೆಯಲ್ಲಿ, ಕೆಲವು ಉಪಚುನಾವಣೆಗಳು ಬಂದವು. ಅಮ್ರೋಹಾದಿಂದ ಆಚಾರ್ಯ ಕೃಪಲಾನಿ, ರಾಜಕೋಟೆಯಿಂದ ಮೀನೂ ಮಸಾನಿ, ಫರೂಕಾಬಾದಿನಿಂದ ಲೋಹಿಯಾ ಗೆದ್ದು ಬಂದರು. ಮೂವರೂ ನೆಹರೂ ಅವರನ್ನು ಹಳೆಯ ದಿನಗಳಿಂದ ಬಲ್ಲವರು. ಮೂವರೂ ಒಂದು ಕಾಲಕ್ಕೆ ಅವರೊಡನೆ ಕೆಲಸ ಮಾಡಿದವರು. ಲೋಹಿಯಾ ಅವರಂತೂ ಹಿಂದಿನ ವರ್ಷವಷ್ಟೆ ಫೂಲ್‌ಪುರದಲ್ಲಿ ನೆಹರೂ ಅವರ ಎದುರಿಗೇ ನಿಂತು ಸೋತಿದ್ದರು. 53ನೆಯ ವಯಸ್ಸಿನಲ್ಲಿ ಅವರು ಲೋಕಸಭೆಯ ಮೆಟ್ಟಿಲು ಹತ್ತಿದ್ದು ಅದೇ ಮೊದಲು.

ಲೋಹಿಯಾ ಎಂದೊಡನೆ ಬರಿಯ ಹಟಮಾರಿ ಚಳವಳಿಗಾರ ಎಂದು ನೆನೆಯುವವರು ಒಂದು ಸಂಗತಿಯನ್ನು ಮರೆಯುತ್ತಾರೆ. ಆತ ಬರ್ಲಿನ್ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಓದಿ, ನಮ್ಮ ಉಪ್ಪಿನ ತೆರಿಗೆ ಮತ್ತು ಸತ್ಯಾಗ್ರಹವನ್ನು ಕುರಿತು ಪ್ರಬಂಧ ಬರೆದು 1933ರಲ್ಲಿ ಡಾಕ್ಟರ್ ಪದವಿ ಪಡೆದವರು. ಅಂಕಿಗಳ ಜೊತೆ ಹೇಗೆ ವ್ಯವಹರಿಸಬೇಕೆಂಬುದು ಅವರಿಗೆ ಗೊತ್ತಿತ್ತು. ಅಳತೆಯ ಜಗಳವೂ ಅವರಿಗೆ ಹೊಸದಲ್ಲ. ಇದಕ್ಕೆ ನಮ್ಮ ನಾಡಿನಲ್ಲೇ ಒಂದು ಸಾಕ್ಷಿ ಉಂಟು. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರ ಸತ್ಯಾಗ್ರಹ ನಡೆದಾಗ ಲೋಹಿಯಾ ಅಲ್ಲಿಗೆ ಬಂದು, ಜೂನ್ ತಿಂಗಳಲ್ಲಿ, ದಸ್ತಗಿರಿಯಾದರು. ಆ ಸತ್ಯಾಗ್ರಹದ ಬೇರಿನಲ್ಲಿದ್ದ ವಿಷಯಗಳಲ್ಲಿ ಗೇಣಿಯ ಬತ್ತವನ್ನು ಅಳೆಯುವ ಕೊಳಗವೂ ಒಂದು. ಕೊಳಗ ಎಷ್ಟು ಸೇರಿನದು? ಒಡೆಯನ ಕೊಳಗವೋ, ಎಲ್ಲರಿಗೂ ಒಂದೇ ಆದ ಕೊಳಗವೋ? ಹೊರಗಿನವರಿಗೆ ಇದು ಚಿಲ್ಲರೆ ಜಗಳವಾಗಿ ಕಂಡೀತು. ಆದರೆ ಕೊಳಗ ಒಂದು ಹಿಡಿ ಹಿರಿದಾದರೆ, ವರ್ಷದ ಕೊನೆಗೆ ಗೇಣಿದಾರನ ಪಣತದಲ್ಲಿ ಎಷ್ಟು ಕಡಮೆಯಾಗುತ್ತದೆಂಬುದನ್ನು ಅವನ ಹೆಂಡತಿಯನ್ನು ಕೇಳಬೇಕು. ಆಳುವವರ ಅಳತೆಯನ್ನೇ ಪ್ರಶ್ನಿಸುವ ಬುದ್ಧಿ ಲೋಹಿಯಾ ಅವರಿಗೆ ಕಾಗೋಡಿನಲ್ಲಿ ಬಂದಿತೆಂದು ನಾನು ಹೇಳುತ್ತಿಲ್ಲ; ಅದು ಮೊದಲೇ ಇತ್ತು. ಆದರೆ ದಿಲ್ಲಿಯಲ್ಲಿ 12 ವರ್ಷಗಳ ಮೇಲೆ ನಡೆದದ್ದು ಕೊಳಗದ ಜಗಳವೇ ಎಂದು ನನಗೆ ತೋರುತ್ತದೆ. ಕಾಗೋಡನ್ನು ಒಳಗೊಂಡ ಶಿವಮೊಗ್ಗ ಕ್ಷೇತ್ರದ ಪ್ರತಿನಿಧಿ ಎಸ್. ವಿ. ಕೃಷ್ಣಮೂರ್ತಿರಾಯರು ಆಗ ಲೋಕಸಭೆಯ ಡೆಪ್ಯುಟಿ ಸ್ಪೀಕರ್ ಆಗಿದ್ದರೆಂಬುದೂ ಒಂದು ಸ್ವಾರಸ್ಯ.

ಕೃಪಲಾನಿಯವರು ತಂದ ಅವಿಶ್ವಾಸ ಗೊತ್ತುವಳಿಯ ಮೇಲೆ ಆಗಸ್ಟ್ 19ರಂದು ಚರ್ಚೆ ಆರಂಭವಾಯಿತು. ಸ್ವತಂತ್ರ ಭಾರತದ ಲೋಕಸಭೆಯಲ್ಲಿ ಅಂಥದು ಅದೇ ಮೊದಲನೆಯದು. ಗೊತ್ತುವಳಿ ಬೀಳುತ್ತದೆಂಬುದರಲ್ಲಿ ತಂದವರಿಗೂ ಸಂದೇಹವಿರಲಿಲ್ಲ. ನಾಲ್ಕು ದಿನ, 21 ಗಂಟೆಗಳಿಗೂ ಮೀರಿ ಮಾತು ನಡೆಯಿತು. ಗಡಿಯ ಸೋಲು, ಭ್ರಷ್ಟಾಚಾರ, ತೆರಿಗೆಯ ಭಾರ, ಹೀಗೆ ನಿರೀಕ್ಷಿತವಾದದ್ದೆಲ್ಲ ಬಂದಿತು. ಮೂರನೆಯ ದಿನ, ಆಗಸ್ಟ್ 21ರಂದು, ಲೋಹಿಯಾ ಎದ್ದರು. ಮಾತನಾಡಿದ್ದು ಹಿಂದಿಯಲ್ಲಿ. ಜರ್ಮನ್ ಭಾಷೆಯಲ್ಲಿ ಡಾಕ್ಟರೇಟು ಪಡೆದವರಿಗೆ ಇಂಗ್ಲಿಷಿನ ಬಡತನವೇನೂ ಇರಲಿಲ್ಲ. ಜನರ ಲೆಕ್ಕವನ್ನು ಜನರಿಗೆ ತಿಳಿಯದ ಭಾಷೆಯಲ್ಲಿ ಹೇಳುವುದೂ ಒಂದು ಬಗೆಯ ಬಚ್ಚಿಡುವಿಕೆಯೆಂಬುದು ಅವರ ನಂಬಿಕೆ. ಆ ದಿನ ಅವರು ಮುಂದಿಟ್ಟ ಮಾತು ಇದು: ಈ ದೇಶದ ನೂರಕ್ಕೆ ಅರುವತ್ತು ಜನ, ಅಂದರೆ 27 ಕೋಟಿ ಮಂದಿ, ದಿನಕ್ಕೆ ತಲೆಗೆ ಮೂರು ಆಣೆಯಲ್ಲಿ ಬದುಕುತ್ತಿದ್ದಾರೆ, ಪ್ರಧಾನಮಂತ್ರಿಗಳೊಬ್ಬರಿಗಾಗಿ ದಿನಕ್ಕೆ 25,000 ರೂಪಾಯಿ ವೆಚ್ಚವಾಗುತ್ತಿದೆ.

ಪತ್ರಿಕೆಗಳು ಮುಗಿಬಿದ್ದು ಹಿಡಿದದ್ದು ಎರಡನೆಯ ಅಂಕಿಯನ್ನು. ಅದು ಸಹಜ. ದೊಡ್ಡ ಮನೆಯ ಖರ್ಚಿನ ವಿಷಯ ಯಾರಿಗೆ ಬೇಡ? ನನ್ನ ಮಟ್ಟಿಗೆ ಹೇಳುವುದಾದರೆ, ಆ ಹೋಲಿಕೆ ಇಲ್ಲದಿದ್ದರೂ ಪ್ರಶ್ನೆಯ ತೂಕ ಒಂದು ಗುಲಗಂಜಿಯಷ್ಟೂ ಕಡಮೆಯಾಗುತ್ತಿರಲಿಲ್ಲ; ಹೋಲಿಕೆ ಇದ್ದುದರಿಂದಲೇ ಹಲವರು ಅದನ್ನು ಬರಿಯ ವೈಯಕ್ತಿಕ ದ್ವೇಷವೆಂದು ತಳ್ಳಿಹಾಕಲು ಅನುಕೂಲವಾಯಿತು. ಪ್ರಶ್ನೆಯ ಮೂಳೆ ಇದ್ದದ್ದು ಮೂರಾಣೆಯಲ್ಲಿ.

ಈ ಕಾಲದ ತರುಣರಿಗೆ ಆಣೆಯ ಲೆಕ್ಕವನ್ನು ಬಿಡಿಸಿ ಹೇಳಬೇಕಾದೀತು. ರೂಪಾಯಿಗೆ 16 ಆಣೆ. 1957ರ ಏಪ್ರಿಲ್ 1ರಿಂದ ದಶಮಾಂಶ ನಾಣ್ಯ ಬಂದು ರೂಪಾಯಿಗೆ 100 ನಯಾ ಪೈಸೆಯೆಂದಾಯಿತು. ಒಂದು ಆಣೆಯೆಂದರೆ ಆರೂಕಾಲು ನಯಾ ಪೈಸೆ. ಕಾನೂನಿನಲ್ಲಿ ಆಣೆ ಸತ್ತರೂ ಸಂತೆಯಲ್ಲಿ ಸಾಯಲಿಲ್ಲ. ನಾಲ್ಕಾಣೆ, ಎಂಟಾಣೆ ಎಂಬ ಮಾತು ನಮ್ಮ ಬಾಯಲ್ಲಿ ಬಹುಕಾಲ ಉಳಿಯಿತು. ಮೂರಾಣೆಯೆಂದರೆ ಸುಮಾರು 19 ಪೈಸೆ. ವರ್ಷಕ್ಕೆ ಲೆಕ್ಕ ಹಾಕಿದರೆ 68 ರೂಪಾಯಿಗೆ ತುಸು ಮೇಲೆ. ಉಣ್ಣುವುದು, ಉಡುವುದು, ದೀಪದ ಎಣ್ಣೆ, ಕಾಯಿಲೆ, ಮದುವೆ, ಮುಂಜಿ, ತಿಥಿ, ಎಲ್ಲವೂ ಅದರಲ್ಲೇ.

ಪ್ರಧಾನಮಂತ್ರಿಗಳು ಇದನ್ನು ಒಪ್ಪಲಿಲ್ಲ. ಯೋಜನಾ ಆಯೋಗದ ಅಂಕಿಗಳನ್ನು ಆಧರಿಸಿ ಅವರು ಕೊಟ್ಟ ಉತ್ತರ: ಮೂರಾಣೆಯಲ್ಲ, ಹದಿನೈದಾಣೆ. ಗೊತ್ತುವಳಿ ಮತಕ್ಕೆ ಬಿದ್ದಿತು. ಪರವಾಗಿ 62, ವಿರುದ್ಧವಾಗಿ 347. ಸಭೆಯ ಮಟ್ಟಿಗೆ ವ್ಯವಹಾರ ಅಲ್ಲಿಗೆ ಮುಗಿಯಿತು. ಬೇರೆ ಯಾರಾದರೂ ಆಗಿದ್ದರೆ, ನಾಲ್ಕು ದಿನ ದೇಶವೆಲ್ಲ ನಮ್ಮ ಮಾತು ಕೇಳಿತು, ಇನ್ನು ಸಾಕು ಎಂದು ಸುಮ್ಮನಾಗುತ್ತಿದ್ದರೇನೋ. ಲೋಹಿಯಾ ಸುಮ್ಮನಾಗಲಿಲ್ಲ. ಮೂರಾಣೆ ಸುಳ್ಳೋ, ಹದಿನೈದಾಣೆ ಸುಳ್ಳೋ, ಇದೊಂದೇ ವಿಷಯವನ್ನು ಕುರಿತು ಪ್ರತ್ಯೇಕ ಚರ್ಚೆಯಾಗಲಿ ಎಂದು ಹಿಡಿದು ಕುಳಿತರು. ಚರ್ಚೆ ದೊರೆಯಿತು. ದಿನ ಸೆಪ್ಟೆಂಬರ್ 6.

ಹದಿನೈದಾಣೆ ಎಲ್ಲಿಂದ ಬಂದಿತೆಂಬುದನ್ನು ನೋಡೋಣ. ದಿನಕ್ಕೆ ಹದಿನೈದಾಣೆಯೆಂದರೆ ವರ್ಷಕ್ಕೆ 342 ರೂಪಾಯಿ. ದೇಶದ ಒಟ್ಟು ವರಮಾನವನ್ನು ಒಟ್ಟು ಜನಸಂಖ್ಯೆಯಿಂದ ಭಾಗಿಸಿದರೆ ಆಗಿನ ದಿನಗಳಲ್ಲಿ ಹೆಚ್ಚು ಕಡಮೆ ಇಷ್ಟೇ ಬರುತ್ತಿತ್ತು. ಭಾಗಾಕಾರದಲ್ಲಿ ತಪ್ಪಿಲ್ಲ. ಯೋಜನಾ ಆಯೋಗದವರು ಯಾರನ್ನೂ ಮೋಸಗೊಳಿಸಬೇಕೆಂದು ಕುಳಿತು ಅಂಕಿಗಳನ್ನು ಹೊಸೆದರೆಂದೂ ನಾನು ನಂಬುವುದಿಲ್ಲ. ಆದರೆ ಅದು ಸರಾಸರಿ. ಮದುವೆಮನೆಯಲ್ಲಿ ಮೊದಲ ಪಂಕ್ತಿಯವರಿಗೆ ನಾಲ್ಕು ನಾಲ್ಕು ಹೋಳಿಗೆ ಬಡಿಸಿ, ಕೊನೆಯ ಪಂಕ್ತಿಯವರಿಗೆ ಬರಿಯ ಸಾರನ್ನ ಇಟ್ಟು, ಊಟಕ್ಕೆ ಕುಳಿತವರಿಗೆ ಸರಾಸರಿ ಎರಡು ಹೋಳಿಗೆ ಬಿದ್ದಿದೆ ಎಂದು ಯಜಮಾನರು ಹೇಳಿದರೆ ಅದು ಸುಳ್ಳೆನ್ನಲಾಗುವುದಿಲ್ಲ; ಆದರೆ ಕೊನೆಯ ಪಂಕ್ತಿಯವನು ಕೇಳಿದ್ದು ಅದಲ್ಲ. ಲೋಹಿಯಾ ಕೇಳಿದ್ದು ಕೊನೆಯ ಪಂಕ್ತಿಯ ಲೆಕ್ಕವನ್ನು. ಅವರಿಗೆ ದೊರೆತದ್ದು ಮದುವೆಮನೆಯ ಲೆಕ್ಕ. ಬಿರ್ಲಾ ಟಾಟಾಗಳ ವರಮಾನವೂ ಬಿಹಾರದ ಜೀತದಾಳಿನ ವರಮಾನವೂ ಒಂದೇ ಹರಿವಾಣಕ್ಕೆ ಬಿದ್ದು, ಕಲೆಸಿ, ಸಮನಾಗಿ ಹಂಚಿಹೋದ ಲೆಕ್ಕ ಅದು. ಕಾಗದದ ಮೇಲೆ ಸಮಾಜವಾದ ಬಂದುಬಿಟ್ಟಿತ್ತು!

ಸೆಪ್ಟೆಂಬರ್ 6ರಂದು ಲೋಹಿಯಾ ತಮ್ಮ ವಾದವನ್ನು ಮಂಡಿಸುವಾಗ, ಬೇರೆ ಸದಸ್ಯರು ಒಬ್ಬರಾದ ಮೇಲೊಬ್ಬರು ತಮಗೆ ಸಲ್ಲಬೇಕಾದ ಸಮಯವನ್ನು ಅವರಿಗೆ ಬಿಟ್ಟುಕೊಟ್ಟರು. ಪಾರ್ಲಿಮೆಂಟಿನ ಸದಸ್ಯರಾದವರಿಗೆ ತಮ್ಮ ಮಾತಿನ ಸಮಯ ಎಷ್ಟು ಪ್ರಿಯವೆಂಬುದನ್ನು ಬಲ್ಲವರಿಗೆ ಈ ತ್ಯಾಗದ ಬೆಲೆ ತಿಳಿದೀತು. ವಾದದ ತಿರುಳು ನಾನು ಮೇಲೆ ಹೇಳಿದ್ದೇ: ಮೇಲಿನ ಕೆಲವರ ಸಂಪತ್ತು ಸರಾಸರಿಯನ್ನು ಮೇಲಕ್ಕೆಳೆಯುತ್ತದೆ; ಕೆಳಗಿನ ಅರುವತ್ತು ಮಂದಿಯನ್ನು ಬೇರೆಯಾಗಿ ಎಣಿಸಿ ಹೇಳಿ. ಅಷ್ಟೆ. ಇಷ್ಟನ್ನು ಕೇಳುವುದಕ್ಕೆ ಅರ್ಥಶಾಸ್ತ್ರದ ಪದವಿ ಬೇಡ. ಆದರೆ ಅಧಿಕೃತ ಅಂಕಿಯ ಮುಂದೆ ಎದೆಗುಂದದೆ ನಿಂತು ಕೇಳುವುದಕ್ಕೆ ಆ ಪದವಿ ಸ್ವಲ್ಪ ಒದಗಿಬಂದಿರಬೇಕು.

ಈ ಸಲ ಸರಕಾರ ಬೇರೆಯಾಗಿಯೇ ಎಣಿಸಬೇಕಾಯಿತು. ಯೋಜನೆಯ ಹೊಣೆಯನ್ನು ಹಲವು ವರ್ಷ ಹೊತ್ತಿದ್ದ ಗುಲ್ಜಾರಿಲಾಲ್ ನಂದಾ ಅವರು ಕೆಳಗಿನ ನೂರಕ್ಕೆ ಅರುವತ್ತು ಜನಕ್ಕೆ ಬೀಳುವುದು ದಿನಕ್ಕೆ ಏಳೂವರೆ ಆಣೆ ಎಂದರು.

ಓದುಗರು ಇಲ್ಲಿ ಒಂದು ಗಳಿಗೆ ನಿಲ್ಲಬೇಕು. ಆಗಸ್ಟ್ ತಿಂಗಳಲ್ಲಿ ಹದಿನೈದಾಣೆ; ಸೆಪ್ಟೆಂಬರಿನ ಮೊದಲ ವಾರದಲ್ಲಿ ಏಳೂವರೆ ಆಣೆ. ಸರಿಯಾಗಿ ಅರ್ಧ. ಎರಡು ವಾರದಲ್ಲಿ ದೇಶಕ್ಕೆ ಬರವೇನೂ ಬಂದಿರಲಿಲ್ಲ, ರೂಪಾಯಿಯ ಬೆಲೆ ಇಳಿದಿರಲಿಲ್ಲ. ಬದಲಾದದ್ದು ಕೊಳಗ. ನಾನು ಕೆಲಸ ಮಾಡುತ್ತಿದ್ದ ಕಛೇರಿಯಲ್ಲಿ ಯಾರಾದರೂ ಎರಡು ವಾರದ ಅಂತರದಲ್ಲಿ ಒಂದೇ ಬಾಬಿಗೆ ಇಂಥ ಎರಡು ಮೊತ್ತಗಳನ್ನು ಬರೆದಿದ್ದರೆ ಅವರನ್ನು ಕರೆದು ಕೂರಿಸಿ ಕೇಳುವುದು ತಪ್ಪುತ್ತಿರಲಿಲ್ಲ.

ಈ ಏಳೂವರೆ ಆಣೆಯನ್ನೇ ಹಿಡಿದು ಒಂದು ಕಚ್ಚಾ ಲೆಕ್ಕ ಹಾಕಿ ನೋಡಬಹುದು. 1961ರ ಜನಗಣತಿಯಂತೆ ದೇಶದ ಜನ ಸುಮಾರು 44 ಕೋಟಿ. ತಲೆಗೆ 15 ಆಣೆಯಂತೆ ದಿನದ ಒಟ್ಟು ವರಮಾನ 660 ಕೋಟಿ ಆಣೆ. ಕೆಳಗಿನ 27 ಕೋಟಿಗೆ ಏಳೂವರೆಯಂತೆ 202 ಕೋಟಿ ಚಿಲ್ಲರೆ ಹೋದರೆ, ಮಿಕ್ಕದ್ದು 457 ಕೋಟಿ ಚಿಲ್ಲರೆ. ಅದನ್ನು ಮೇಲಿನ 17 ಕೋಟಿಗೆ ಹಂಚಿದರೆ ತಲೆಗೆ 27 ಆಣೆ. ಆ 17 ಕೋಟಿಯೊಳಗೂ ಬಹುಮಂದಿ ಗುಮಾಸ್ತರು, ಮೇಷ್ಟರು, ಸಣ್ಣ ಹಿಡುವಳಿದಾರರು ಎಂಬುದನ್ನು ನೆನೆದರೆ, ತುತ್ತತುದಿಯಲ್ಲಿ ಕುಳಿತಿದ್ದವರ ಪಾಲು ಎಷ್ಟಿರಬೇಕೆಂಬುದನ್ನು ಓದುಗರೇ ಊಹಿಸಬಹುದು.

ಹಾಗಾದರೆ ಲೋಹಿಯಾ ಹೇಳಿದ ಮೂರಾಣೆ ನಿಜವೆ? ಅವರ ಅಭಿಮಾನಿಗಳು ನನ್ನನ್ನು ಕ್ಷಮಿಸಬೇಕು. ಆ ಅಂಕಿ ವಾಸ್ತವಕ್ಕಿಂತ ಕೆಳಗಿತ್ತೆಂದೇ ನನ್ನ ಎಣಿಕೆ. ಅದಕ್ಕೆ ಸರಕಾರದ ಇನ್ನೊಂದು ವರದಿಯೇ ಆಧಾರ. 1956–57ರಲ್ಲಿ ಕೃಷಿ ಕೂಲಿಕಾರರ ಎರಡನೆಯ ವಿಚಾರಣೆ ನಡೆದಾಗ, ಕೂಲಿಕಾರರ ಒಂದು ಕುಟುಂಬದ ವರ್ಷದ ವರಮಾನ ಸರಾಸರಿ 437 ರೂಪಾಯಿಯೆಂದೂ, ಒಂದು ಕುಟುಂಬಕ್ಕೆ 4.4 ಮಂದಿಯೆಂದೂ ಕಂಡುಬಂದಿತ್ತು. ತಲೆಗೆ ದಿನಕ್ಕೆ 27 ನಯಾ ಪೈಸೆ, ಎಂದರೆ ನಾಲ್ಕು ಆಣೆಗೆ ತುಸು ಮೇಲೆ. ಹಳ್ಳಿಯ ಎಲ್ಲರಿಗಿಂತ ಬಡವರಾದ ಕೂಲಿಕಾರರ ಪಾಡೇ ಇದಾದರೆ, ಅವರಿಗಿಂತ ಒಂದೆರಡು ಮೆಟ್ಟಿಲು ಮೇಲಿದ್ದವರನ್ನೂ ಸೇರಿಸಿದ 27 ಕೋಟಿಯ ಸರಾಸರಿ ಮೂರಾಣೆಗೆ ಇಳಿಯುವುದು ಕಷ್ಟ. ನಮ್ಮಲ್ಲಿ ‘ಹದಿನಾರಾಣೆ ನಿಜ’ ಎಂಬ ಮಾತಿದೆ. ಆ ಚರ್ಚೆಯಲ್ಲಿ ಯಾರದೂ ಹದಿನಾರಾಣೆಯಾಗಿರಲಿಲ್ಲ. ಆದರೆ ಒಂದು ವ್ಯತ್ಯಾಸವನ್ನು ಮರೆಯಬಾರದು. ಲೋಹಿಯಾ ಅವರದು ಸರಿಯಾದ ಪ್ರಶ್ನೆಗೆ ಕೊಂಚ ತಪ್ಪಾದ ಉತ್ತರ. ಸರಕಾರದ ಮೊದಲ ಮಾತು, ಯಾರೂ ಕೇಳದ ಪ್ರಶ್ನೆಗೆ ತಪ್ಪಿಲ್ಲದ ಉತ್ತರ. ಇವೆರಡರಲ್ಲಿ ಯಾವುದು ದೇಶಕ್ಕೆ ಹೆಚ್ಚು ಹಾನಿಕರವೆಂದು ನನ್ನನ್ನು ಕೇಳಿದರೆ ನಾನು ತಡಮಾಡದೆ ಎರಡನೆಯದನ್ನು ತೋರಿಸುತ್ತೇನೆ.

ಇನ್ನು ಕಪಾಟಿನೊಳಗಿದ್ದ ಇನ್ನೊಂದು ಕಾಗದದ ವಿಷಯ. ನನಗೆ ಈ ಇಡೀ ಪ್ರಕರಣದಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಮನಸ್ಸನ್ನು ತಟ್ಟುವುದು ಅದೇ. 1962ರಲ್ಲಿ, ಅಂದರೆ ಈ ಚರ್ಚೆಗೆ ಒಂದು ವರ್ಷ ಮುಂಚೆ, ಮನುಷ್ಯ ಬದುಕುವುದಕ್ಕೆ ಎಷ್ಟು ಬೇಕೆಂಬುದನ್ನು ಕುರಿತು ತಜ್ಞರ ಒಂದು ಗುಂಪು ಯೋಚಿಸಿ ಒಂದು ಮೊತ್ತವನ್ನು ಸೂಚಿಸಿತ್ತು. ಡಿ. ಆರ್. ಗಾಡಗೀಳ, ವಿ. ಕೆ. ಆರ್. ವಿ. ರಾವ್, ಅಶೋಕ ಮೆಹತಾ, ಪೀತಾಂಬರ ಪಂತ್ ಮೊದಲಾದವರು ಅದರಲ್ಲಿದ್ದರು. ಮರುವರ್ಷ ಉಪಚುನಾವಣೆ ಗೆದ್ದು ಬಂದ ಮಸಾನಿಯವರೂ ಇದ್ದರು. ವಿ. ಕೆ. ಆರ್. ವಿ. ರಾಯರು ನಮಗೆ ಹೊಸಬರಲ್ಲ. ಮುಂದೆ ಬಳ್ಳಾರಿಯಿಂದ ಲೋಕಸಭೆಗೆ ಹೋದವರು, ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಅಧ್ಯಯನ ಸಂಸ್ಥೆಯನ್ನು ಕಟ್ಟಿದವರು. ಈ ಗುಂಪು ಹೇಳಿದ ಮೊತ್ತ: 1960–61ರ ಬೆಲೆಗಳ ಪ್ರಕಾರ ತಲೆಗೆ ತಿಂಗಳಿಗೆ 20 ರೂಪಾಯಿ. ಔಷಧ ಮತ್ತು ವಿದ್ಯೆ ಇದರಲ್ಲಿ ಸೇರಿಲ್ಲ. ಅವನ್ನು ಸರಕಾರ ನೋಡಿಕೊಳ್ಳುತ್ತದೆಂದು ಭಾವಿಸಲಾಗಿತ್ತು. ಇದಕ್ಕಿಂತ ಕೆಳಗೆ ಇಳಿದರೆ ಬದುಕು ಬದುಕಲ್ಲ ಎಂಬ ಗೆರೆ ಅದು.

ತಿಂಗಳಿಗೆ 20 ರೂಪಾಯಿ ಎಂದರೆ ದಿನಕ್ಕೆ ಹತ್ತೂವರೆ ಆಣೆ.

ಈಗ ನಂದಾ ಅವರ ಏಳೂವರೆ ಆಣೆಯನ್ನು ಇದರ ಪಕ್ಕದಲ್ಲಿ ಇಡಿ. ವಿರೋಧಪಕ್ಷದವರ ಅಂಕಿಯನ್ನು ಪೂರ್ತಿಯಾಗಿ ಸುಳ್ಳೆಂದು ತಳ್ಳಿ, ಸರಕಾರದ ಅಂಕಿಯನ್ನೇ ಪೂರ್ತಿಯಾಗಿ ನಂಬಿದರೂ, ದೇಶದ ನೂರಕ್ಕೆ ಅರುವತ್ತು ಜನರ ಸರಾಸರಿ ಬದುಕು, ಯೋಜನೆ ಮಾಡುವವರೇ ಎಳೆದ ಗೆರೆಗಿಂತ ಮೂರಾಣೆ ಕೆಳಗೆ ಬಿದ್ದಿತ್ತು. ಮೂರಾಣೆ ಎಂಬ ಅಂಕಿ ಹೀಗೆ ಬೇರೊಂದು ಬಾಗಿಲಿನಿಂದ ಒಳಗೆ ಬಂದು ಕುಳಿತುಕೊಂಡಿತು! ಲೋಹಿಯಾ ಸಭೆಯಲ್ಲಿ ಎದ್ದು ಕೇಳದಿದ್ದರೆ ಏಳೂವರೆ ಆಣೆಯ ಮಾತು ಯಾವ ಮಂತ್ರಿಯ ಬಾಯಿಂದಲೂ ಬರುತ್ತಿರಲಿಲ್ಲ. ಅದು ಬರದಿದ್ದರೆ ಹತ್ತೂವರೆಯ ಪಕ್ಕದಲ್ಲಿ ಅದನ್ನಿಟ್ಟು ನೋಡುವ ಕೆಲಸವೂ ಯಾರಿಗೂ ಬೀಳುತ್ತಿರಲಿಲ್ಲ.

ನೆಹರೂ ಅವರಿಗೂ ನ್ಯಾಯ ಸಲ್ಲಬೇಕು. ಇದೇ ಪ್ರಶ್ನೆ ಅವರ ಮನಸ್ಸಿನಲ್ಲೂ ಇತ್ತು. 1960ರ ಆಗಸ್ಟ್ ತಿಂಗಳಲ್ಲಿ ಅವರೇ ಲೋಕಸಭೆಯಲ್ಲಿ, ಎರಡು ಯೋಜನೆಗಳ ಅವಧಿಯಲ್ಲಿ ರಾಷ್ಟ್ರದ ವರಮಾನ ಏರಿದೆಯೆಂದು ಹೇಳುತ್ತಾರಲ್ಲ, ಏರಿದ ಭಾಗ ಹೋದದ್ದೆಲ್ಲಿಗೆ ಎಂಬ ಪ್ರಶ್ನೆ ನ್ಯಾಯವಾದದ್ದೆಂದು ಒಪ್ಪಿಕೊಂಡಿದ್ದರು. ಆ ಮಾತಿನ ಫಲವಾಗಿ ಅದೇ ವರ್ಷ ಪ್ರೊಫೆಸರ್ ಮಹಲನೋಬಿಸ್ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ನೇಮಕವಾಯಿತು. ಸಮಿತಿ ನಿಧಾನವಾಗಿ ಕೆಲಸ ಮಾಡಿತು. ಅದರ ವರದಿಯ ಮೊದಲ ಭಾಗ ಬಂದದ್ದು 1964ರಲ್ಲಿ, ಮೂರಾಣೆಯ ಚರ್ಚೆ ಮುಗಿದ ಮೇಲೆ. ತಾನೇ ಕೇಳಿಕೊಂಡಿದ್ದ ಪ್ರಶ್ನೆಯನ್ನು ಮೂರು ವರ್ಷಗಳ ಮೇಲೆ ಎದುರುಸಾಲಿನವರು ಕೇಳಿದಾಗ ಪ್ರಧಾನಮಂತ್ರಿಗಳು ಸರಾಸರಿಯ ಹಿಂದೆ ಏಕೆ ನಿಂತರು? ಇದಕ್ಕೆ ಉತ್ತರವನ್ನು ಮನುಷ್ಯಸ್ವಭಾವದಲ್ಲೇ ಹುಡುಕಬೇಕು. ನಮ್ಮ ಮನೆಯ ಸೂರು ಸೋರುತ್ತದೆಂಬುದು ನಮಗೆ ಗೊತ್ತು. ಪಕ್ಕದ ಮನೆಯವರು ಹೇಳಿದರೆ ಮಾತ್ರ ಮಳೆಯೇ ಬಂದಿಲ್ಲವೆನ್ನುತ್ತೇವೆ. ಚೀನಾದ ಪೆಟ್ಟು ತಿಂದು, 73 ದಾಟಿ, ದೇಹ ಬಳಲಿದ್ದ ಕಾಲ ಅದು. ಆದರೂ ಸಭೆಗೆ ಬಂದು ಕುಳಿತು, ತಮ್ಮನ್ನು ಬೆರಳೆತ್ತಿ ತೋರಿಸುತ್ತಿದ್ದವರಿಗೆ ಅವರೇ ಎದ್ದು ಉತ್ತರ ಕೊಟ್ಟರು. ಪ್ರತ್ಯೇಕ ಚರ್ಚೆ ಬೇಡವೆಂದು ಬಹುಮತದ ಬಲದಿಂದ ಮುಚ್ಚಿಹಾಕುವುದು 361 ಮಂದಿಯ ಪಕ್ಷಕ್ಕೆ ಕಷ್ಟವಾಗುತ್ತಿರಲಿಲ್ಲ. ಹಾಗೆ ಮಾಡಲಿಲ್ಲವೆಂಬುದನ್ನೂ ಅವರ ಲೆಕ್ಕಕ್ಕೆ ಜಮೆ ಮಾಡಬೇಕು.

ಇಂಥ ಜಗಳ ನಮ್ಮ ದೇಶಕ್ಕೆ ಹೊಸತೂ ಅಲ್ಲ. ದಾದಾಭಾಯಿ ನವರೋಜಿಯವರು 1870ರ ದಶಕದಲ್ಲಿ ಸರಕಾರದ ಕಾಗದಪತ್ರಗಳನ್ನೇ ಜಾಲಾಡಿ, ಬ್ರಿಟಿಷ್ ಇಂಡಿಯಾದ ಒಬ್ಬ ಮನುಷ್ಯನ ವರ್ಷದ ವರಮಾನ 20 ರೂಪಾಯಿಯೆಂದರು. ಜೀವ ಹಿಡಿದುಕೊಂಡಿರಲು ಕನಿಷ್ಠ 34 ರೂಪಾಯಿ ಬೇಕೆಂದೂ ಅವರು ಲೆಕ್ಕ ಹಾಕಿದ್ದರು. ಜೈಲಿನ ಕೈದಿಗೆ ಸರಕಾರ ಮಾಡುವ ಖರ್ಚು ಹೊರಗಿನ ನಿರಪರಾಧಿಯ ಕೈಗೆ ಸಿಗುವುದಿಲ್ಲವೆಂಬುದು ಅವರ ವಾದದ ಮೊನೆ. ಅವರಿಗೆ ಪ್ರತಿಯಾಗಿ 1882ರಲ್ಲಿ ಸರಕಾರದ ಅಧಿಕಾರಿಗಳಾದ ಬೇರಿಂಗ್ ಮತ್ತು ಬಾರ್ಬರ್ 27 ರೂಪಾಯಿಯೆಂದರು. 1901ರಲ್ಲಿ ಲಾರ್ಡ್ ಕರ್ಜನ್ 30 ರೂಪಾಯಿಯೆಂದು ಹೆಮ್ಮೆಪಟ್ಟರು. ಹೆಮ್ಮೆಪಟ್ಟ ಆ ಮೂವತ್ತೂ 34ಕ್ಕೆ ಮುಟ್ಟುವುದಿಲ್ಲವೆಂಬುದು ಅವರ ಗಮನಕ್ಕೆ ಬಂದಂತಿಲ್ಲ. 1892ರಲ್ಲಿ ದಾದಾಭಾಯಿಯವರು ಲಂಡನ್ನಿನ ಫಿನ್ಸ್‌ಬರಿಯಿಂದ ಕಾಮನ್ಸ್ ಸಭೆಗೆ ಆಯ್ಕೆಯಾಗಿ, ಅದೇ ಪ್ರಶ್ನೆಯನ್ನು ಆಳುವವರ ಊರಿನಲ್ಲೇ, ಆಳುವವರ ಸಭೆಯಲ್ಲೇ ಕೇಳಿದರು. ಆಗಲೂ ಹೀಗೆಯೇ: ಕೇಳುವವನ ಅಂಕಿ ಕಡಮೆ, ಆಳುವವನ ಅಂಕಿ ಹೆಚ್ಚು, ಆದರೆ ಕೇಳುವವನು ಬಾಯಿ ಬಿಡುವವರೆಗೆ ಆಳುವವನ ಬಳಿ ಅಂಕಿಯೇ ಇರುವುದಿಲ್ಲ.

2011ರಲ್ಲಿ ಇದು ಇನ್ನೊಂದು ವೇಷದಲ್ಲಿ ಬಂದಿತು. ಆ ವರ್ಷದ ಸೆಪ್ಟೆಂಬರಿನಲ್ಲಿ ಯೋಜನಾ ಆಯೋಗ ಸುಪ್ರೀಂ ಕೋರ್ಟಿಗೆ ಕೊಟ್ಟ ಪ್ರಮಾಣಪತ್ರದಲ್ಲಿ, ದಿನಕ್ಕೆ ಪಟ್ಟಣದಲ್ಲಿ 32 ರೂಪಾಯಿ, ಹಳ್ಳಿಯಲ್ಲಿ 26 ರೂಪಾಯಿ ಖರ್ಚು ಮಾಡಬಲ್ಲವನು ಬಡವನಲ್ಲ ಎಂಬ ಅರ್ಥ ಬರುವಂತಿತ್ತು. ಬೆಂಗಳೂರಿನಲ್ಲಿ ಆ 32 ರೂಪಾಯಿಯಿಂದ ಒಂದು ಹೊತ್ತಿನ ಊಟ ಮುಗಿಸುವುದು ಹೇಗೆಂದು ಆಗ ನನ್ನ ಸ್ನೇಹಿತರೆಲ್ಲ ನಗಾಡಿದರು, ನಾನೂ ನಕ್ಕೆ. ಲೋಕಸಭೆಯಲ್ಲಿ ಒಬ್ಬರು ಎದ್ದು ನಿಂತು ಎರಡು ವಾರದಲ್ಲಿ ಆ ಅಂಕಿಯನ್ನು ಬಿಚ್ಚಿಸಿ ತೋರಿಸುವಂಥ ಚರ್ಚೆ ಮಾತ್ರ ಆಗ ನನ್ನ ಕಣ್ಣಿಗೆ ಬೀಳಲಿಲ್ಲ.

ಲೋಹಿಯಾ 1967ರ ಅಕ್ಟೋಬರ್ 12ರಂದು ತೀರಿಕೊಂಡರು. ನಮ್ಮ ಶಾಂತವೇರಿ ಗೋಪಾಲಗೌಡರು ಮೊದಲಾಗಿ ಅವರ ಹಾದಿಯಲ್ಲಿ ನಡೆದವರು ವಿಧಾನಸಭೆಗಳಲ್ಲಿ ಸರಕಾರಗಳನ್ನು ಕೇಳುತ್ತಲೇ ಬಂದರು. ಆದರೆ ಕಾಲ ಕಳೆದಂತೆ ‘ಮೂರಾಣೆ’ ಎಂಬುದು ಘೋಷಣೆಯಾಯಿತು, ವೇದಿಕೆಯ ಮಾತಾಯಿತು. ಅದರ ಹಿಂದೆ ಕುಳಿತು ಅಂಕಿಗಳನ್ನು ಕೂಡಿ ಕಳೆದ ಮನುಷ್ಯ ಮರೆಯಾದರು. ಆ ಕೆಲಸವನ್ನು ಮುಂದುವರಿಸಿದವರು ರಾಜಕಾರಣಿಗಳಲ್ಲ, ಪುಣೆಯ ಇಬ್ಬರು ಅರ್ಥಶಾಸ್ತ್ರಜ್ಞರು: ವಿ. ಎಂ. ದಾಂಡೇಕರ್ ಮತ್ತು ನೀಲಕಂಠ ರಥ. 1971ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಗೆರೆಯನ್ನು ಇನ್ನೂ ಕೆಳಗೆ ಎಳೆದಿದ್ದರು: ದಿನಕ್ಕೆ 2,250 ಕ್ಯಾಲೊರಿ ಆಹಾರ ದೊರೆಯಲು ಹಳ್ಳಿಯಲ್ಲಿ ತಿಂಗಳಿಗೆ 15 ರೂಪಾಯಿ, ಪಟ್ಟಣದಲ್ಲಿ 22 ರೂಪಾಯಿ 50 ಪೈಸೆ. ಹಳ್ಳಿಯ ಗೆರೆ ದಿನಕ್ಕೆ ಎಂಟಾಣೆಯಷ್ಟೂ ಇಲ್ಲ. ಆ ಗೆರೆಯನ್ನೂ ಮುಟ್ಟಲಾರದವರು ಹಳ್ಳಿಗಳಲ್ಲಿ ನೂರಕ್ಕೆ 40, ಪಟ್ಟಣಗಳಲ್ಲಿ ನೂರಕ್ಕೆ 50 ಮಂದಿ ಎಂದು ಅವರು ತೋರಿಸಿಕೊಟ್ಟರು. ಅದಕ್ಕೆ ಅವರು ಆಧಾರವಾಗಿ ಹಿಡಿದದ್ದು ರಾಷ್ಟ್ರೀಯ ಮಾದರಿ ಸಮೀಕ್ಷೆಯ 1960–61ನೆಯ ಸಾಲಿನ ಅಂಕಿಗಳನ್ನು. ಲೋಹಿಯಾ ಎದ್ದು ನಿಲ್ಲುವುದಕ್ಕೆ ಎರಡು ವರ್ಷ ಮುಂಚೆಯೇ ಸರಕಾರದ ಸಮೀಕ್ಷಕರು ಮನೆಮನೆಯ ಹೊಸ್ತಿಲಿಗೆ ಹೋಗಿ, ಒಲೆಯ ಮುಂದಿದ್ದವರನ್ನು ಕೇಳಿ, ಬರೆದುಕೊಂಡು ಬಂದಿದ್ದ ಅಂಕಿಗಳವು.